ತಪ್ಪು ಹಿಡಿಯುವ ಕಾಯಕ

ಕಳೆದ ಆಷಾಢದಲ್ಲಿ ಉಪನ್ಯಾಸದ ನಿಮಿತ್ತ ನಾವು ಮಂಗಳೂರಿಗೆ ಹೋಗಬೇಕಾಯಿತು. ಬಿಜೈ ಭಾಗದಲ್ಲಿರುವ ಭಕ್ತರೊಬ್ಬರ ಮನೆಯಲ್ಲಿ ನಮ್ಮ ವಾಸ್ತವ್ಯ. ಯಜಮಾನರು ಮೂಲತಃ ಧಾರವಾಡದ ಕಡೆಯವರು. ಬ್ಯಾಂಕಿನ ಅಧಿಕಾರಿಯಾಗಿ ಕರಾವಳಿಗೆ ವರ್ಗವಾಗಿ ಬಂದವರು, ನಿವೃತ್ತಿಯ ನಂತರವೂ ಇಲ್ಲಿಯೇ ನೆಲೆನಿಂತಿದ್ದಾರೆ. ಮೂರು ದಿನ ಎಡೆಬಿಡದೆ ಸುರಿದ ಮಳೆ ನಮ್ಮನ್ನು ಮನೆಯೊಳಗೇ ಕೂಡಿಸಿತು. ಹೀಗಾಗಿ ಸಾವಕಾಶವಾಗಿ ಮಾತನಾಡುವ ಅವಕಾಶ ದೊರೆಯಿತು.

ಎರಡನೆಯ ದಿನ ಪ್ರಸಾದವಾದ ಮೇಲೆ ಯಜಮಾನರು ತಮ್ಮ ಮನಸ್ಸಿನ ಅಳಲನ್ನು ತೋಡಿಕೊಂಡರು. “ಗುರುಗಳೇ, ಪಕ್ಕದ ಮನೆಯ ಹುಡುಗ ತಾನು ಮಾಡಿದ್ದನ್ನು ಮೊಬೈಲಿನಲ್ಲಿ ತೆರೆದು ತೋರಿಸುತ್ತಾನೆ. ನಮ್ಮ ಮಗಳು ಎಂಟು ವರ್ಷಗಳಿಂದ ಹಗಲಿರುಳು ದುಡಿಯುತ್ತಿದ್ದಾಳೆ. ಇದು ನಾನು ಮಾಡಿದ್ದು ಎಂದು ತೋರಿಸಲು ಅವಳ ಬಳಿ ಒಂದು ವಸ್ತುವೂ ಇಲ್ಲ. ಮ್ಯಾನೇಜರ್ ಹುದ್ದೆಗೆ ಹೋಗು ಎಂದರೆ ಒಲ್ಲೆ ಎನ್ನುತ್ತಾಳೆ. ತಾವಾದರೂ ಒಂದು ಮಾತು ಹೇಳಬೇಕು.”

ಮಗಳು ಅಲ್ಲಿಯೇ ಇದ್ದಳು. “ಏನು ಕೆಲಸ ತಾಯಿ, ನಿನ್ನದು?” ಎಂದು ಕೇಳಿದೆವು. ಆಕೆ ಸ್ವಲ್ಪ ಯೋಚಿಸಿ ಹೇಳಿದಳು: “ಯಂತ್ರದೊಳಗೆ ಕೂರುವ ತಂತ್ರಾಂಶವನ್ನು ಬರೆಯುವವರು ಬೇರೆ ಇದ್ದಾರೆ ಗುರುಗಳೇ. ಅವರು ಬರೆದದ್ದನ್ನು ಕಟ್ಟುವ ಉಪಕರಣಗಳನ್ನೂ, ಕಟ್ಟಿದ್ದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ನಾನು ಕಾಯುತ್ತೇನೆ.” ಮೊದಲಿಗೆ ನಮಗೂ ಅರ್ಥವಾಗಲಿಲ್ಲ. ಮರುದಿನದ ಹೊತ್ತಿಗೆ ಅರ್ಥವಾಯಿತು. ಅರ್ಥವಾದದ್ದನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಯೋಗ್ಯವೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಯಂತ್ರದೊಳಗಿನ ಪಾರುಪತ್ಯಗಾರ

ಕಂಪ್ಯೂಟರ್ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಪರದೆ ಮತ್ತು ಕೀಲಿಮಣೆ. ಆದರೆ ಇಂದು ಮನುಷ್ಯನನ್ನು ಸುತ್ತುವರಿದಿರುವ ಕಂಪ್ಯೂಟರುಗಳಲ್ಲಿ ಬಹುಪಾಲಿಗೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ತೋಟದ ಪಂಪನ್ನು ಹೊತ್ತಿಗೆ ಸರಿಯಾಗಿ ನಡೆಸುವ ಪೆಟ್ಟಿಗೆ, ಕಿವಿ ಮಂದವಾದವರು ಧರಿಸುವ ಶ್ರವಣ ಸಾಧನ, ಆಸ್ಪತ್ರೆಯಲ್ಲಿ ರೋಗಿಯ ನರಕ್ಕೆ ಹನಿಹನಿಯಾಗಿ ಔಷಧ ಬಿಡುವ ಪಂಪು, ಇವೆಲ್ಲವುಗಳ ಹೊಟ್ಟೆಯಲ್ಲಿ ಉಗುರಿನಷ್ಟು ಅಗಲದ ಒಂದು ಚಿಪ್ಪು ಕುಳಿತಿರುತ್ತದೆ. ಅದರ ಸ್ಮರಣಶಕ್ತಿ ಅತ್ಯಲ್ಪ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವನ್ನು ಹಿಡಿದಿಡಲೂ ಅನೇಕ ಚಿಪ್ಪುಗಳಿಗೆ ಸಾಧ್ಯವಿಲ್ಲ. ಹೀಗೆ ಯಂತ್ರದ ಗರ್ಭದಲ್ಲಿರುವ ಕಂಪ್ಯೂಟರಿಗೆ ಎಂಬೆಡೆಡ್ ವ್ಯವಸ್ಥೆ ಎಂದು ಹೆಸರು.

ಆ ಚಿಪ್ಪಿನೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯಬೇಕು. ಒಂದು ಕೆಲಸ ಗಡಿಯಾರವನ್ನು ನೋಡಬೇಕು, ಮತ್ತೊಂದು ನೀರಿನ ಒತ್ತಡವನ್ನು ಅಳೆಯಬೇಕು, ಇನ್ನೊಂದು ಮೋಟಾರನ್ನು ನಿಲ್ಲಿಸಬೇಕು. ಯಾರ ಸರದಿ ಯಾವಾಗ, ಯಾರ ಕೆಲಸ ಕ್ಷಣವೂ ತಡೆಯಲಾರದ್ದು ಎಂದು ನಿರ್ಧರಿಸುವ ಪಾರುಪತ್ಯಗಾರನೇ ಆಪರೇಟಿಂಗ್ ಸಿಸ್ಟಮ್. ಇಂತಹ ಪುಟ್ಟ ವ್ಯವಸ್ಥೆಗಳಲ್ಲಿ ಫ್ರೀ ಆರ್‌ಟಿಓಎಸ್, ಜೆಫಿರ್ ಮೊದಲಾದವು ಪ್ರಸಿದ್ಧವಾಗಿವೆ. 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಆರಂಭವಾದ ಜೆಫಿರ್ ಯಾರ ಖಾಸಗಿ ಸ್ವತ್ತೂ ಅಲ್ಲ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಈ ಹೆಣ್ಣುಮಗಳ ಸಂಸ್ಥೆಯವರು ಜೆಫಿರನ್ನೇ ಬಳಸಿ ನೀರಾವರಿ ಪಂಪುಗಳ ನಿಯಂತ್ರಕವನ್ನು ಮಾಡುತ್ತಿದ್ದರು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಎಂಜಿನಿಯರು ಬರೆದ ಪಾಠ ಚಿಪ್ಪಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಚಿಪ್ಪಿನ ಭಾಷೆಗೆ ಇಳಿಸುವ ತಂತ್ರಾಂಶಕ್ಕೆ ಕಂಪೈಲರ್ ಎನ್ನುತ್ತಾರೆ. ಪುಟ್ಟ ಚಿಪ್ಪಿಗೆ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ದೊಡ್ಡ ಕಂಪ್ಯೂಟರಿನಲ್ಲಿ ಅಡುಗೆ ಮಾಡಿ ಚಿಪ್ಪಿಗೆ ಬಡಿಸಬೇಕು. ನೂರಾರು ಬಗೆಯ ಬೋರ್ಡುಗಳಿಗೆ ಜೆಫಿರ್ ಹೊಂದಿಕೊಳ್ಳುವುದರಿಂದ, ಯಾವ ಬೋರ್ಡಿಗೆ ಯಾವ ಭಾಗ ಬೇಕು, ಯಾವ ಕಂಪೈಲರ್ ಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ನೋಡಿಕೊಳ್ಳಲು ವೆಸ್ಟ್, ಸಿಮೇಕ್ ಎಂಬ ಉಪಕರಣಗಳಿವೆ. ಹಾಗೆ ಕಟ್ಟಿದ್ದನ್ನು ಒಂದರ ಮೇಲೊಂದರಂತೆ ಪರೀಕ್ಷೆಗೆ ಒಡ್ಡುವ ಉಪಕರಣಕ್ಕೆ ಟ್ವಿಸ್ಟರ್ ಎಂದು ಹೆಸರು. ಎಲ್ಲ ಬೋರ್ಡುಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂರಲಾಗದು. ಆದ್ದರಿಂದ ಕ್ಯೂಎಮು ಎಂಬ ತಂತ್ರಾಂಶವು ಕಂಪ್ಯೂಟರಿನೊಳಗೇ ಕೃತಕ ಚಿಪ್ಪನ್ನು ನಿರ್ಮಿಸಿಕೊಡುತ್ತದೆ. ಯಾರಾದರೂ ಮೂಲಪಾಠದಲ್ಲಿ ಒಂದು ಸಾಲನ್ನು ಬದಲಿಸಿದರೂ ಸಾಕು, ಪರೀಕ್ಷೆಗಳು ತಾವಾಗಿಯೇ ಮತ್ತೆ ಓಡುತ್ತವೆ. ಈ ಉಪಕರಣಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪಟ್ಟಿಯೂ ಜೆಫಿರಿನ ಮೂಲಪಾಠದೊಳಗೇ ಇದೆ. ಆ ಪಟ್ಟಿಯನ್ನು ಪಂಪು ಕೊಂಡ ರೈತ ಎಂದೂ ನೋಡುವುದಿಲ್ಲ.

ಅಚ್ಚುಕೂಟದ ಪಾಠ

ಇದನ್ನು ಕೇಳುತ್ತಿದ್ದಂತೆ ನಮಗೆ ನಮ್ಮ ಯೌವನದ ದಿನಗಳು ನೆನಪಾದವು. ಮಠದಲ್ಲಿದ್ದಾಗ ಓಲೆಗರಿಯ ಪ್ರತಿ ಮಾಡುವುದನ್ನು ನಮ್ಮ ಗುರುಗಳು ಕಲಿಸಿದ್ದರು. ಬರೆದಾದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಮತ್ತೊಬ್ಬರು ಪ್ರತಿಯ ಮೇಲೆ ಬೆರಳಿಟ್ಟು ಸಾಗಬೇಕು. ಪ್ರತಿ ಬರೆದವನೇ ಬೆರಳಿಡುವಂತಿಲ್ಲ. ಬರೆದವನ ಕಣ್ಣಿಗೆ ತಾನು ಬರೆಯಬೇಕೆಂದಿದ್ದದ್ದೇ ಕಾಣುತ್ತದೆಯೇ ಹೊರತು ಬರೆದದ್ದು ಕಾಣುವುದಿಲ್ಲ.

ಮುಂದೆ ನಾವು ಸಂಪಾದಿಸಿದ ಒಂದು ಗ್ರಂಥ ಮೊಳೆಯಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಕರಡಚ್ಚಿನ ಒಂದು ಸಾಲಿನಲ್ಲಿ ಕೊಂಬು ತಪ್ಪಿದ್ದನ್ನು ಗುರುತಿಸಿ ಕಳುಹಿಸಿದೆವು. ತಿದ್ದಿದ ಕರಡು ಬಂದಾಗ ಆ ಒಂದು ಅಕ್ಷರವನ್ನಷ್ಟೇ ನೋಡಿ ಒಪ್ಪಿಗೆ ಹಾಕಿದೆವು. ಪುಸ್ತಕ ಕೈಗೆ ಬಂದಾಗ ಕೊಂಬು ಸರಿಯಾಗಿತ್ತು. ಆದರೆ ಅದನ್ನು ಸರಿಪಡಿಸಲು ಮೊಳೆ ಕಿತ್ತಾಗ ಪಕ್ಕದ ಪದದ ಅಕ್ಷರವೊಂದು ಉದುರಿ, ‘ಇಲ್ಲ’ ಎಂಬ ಅರ್ಥದ ಸಾಲು ‘ಇದೆ’ ಎಂದಾಗಿತ್ತು! ಐನೂರು ಪ್ರತಿಗಳಿಗೂ ತಪ್ಪೋಲೆ ಅಂಟಿಸಿದೆವು. ತಪ್ಪು ಮೊಳೆ ಜೋಡಿಸಿದವನದಲ್ಲ, ನಮ್ಮದು. ಒಂದನ್ನು ತಿದ್ದಿದ ಮೇಲೆ ಇಡೀ ಪುಟವನ್ನು ಮತ್ತೆ ಓದಬೇಕಿತ್ತು.

ಈ ಪ್ರಸಂಗವನ್ನು ಹೇಳಿದಾಗ ಆ ಮಗಳ ಮುಖ ಅರಳಿತು. “ಇದೇ ಗುರುಗಳೇ! ಒಂದು ಕಡೆ ತಿದ್ದಿದರೆ ಮತ್ತೊಂದು ಕಡೆ ಉದುರುವುದು. ಅದಕ್ಕಾಗಿಯೇ ನಾವು ಪ್ರತಿ ಸಲವೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸುವುದು” ಎಂದಳು.

ಮಂಗಳೂರಿನಲ್ಲಿ ಈ ಮಾತು ಬಂದದ್ದು ಉಚಿತವೇ ಆಗಿತ್ತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದದ್ದು ಈ ನಗರದಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇಲ್ಲಿಂದ. ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಇಲ್ಲಿಯೇ. 1700ಕ್ಕೂ ಹೆಚ್ಚು ಪುಟಗಳ ಆ ಮಹಾಗ್ರಂಥವನ್ನು ನಾವು ಇಂದಿಗೂ ನಂಬಿ ತೆರೆಯುತ್ತೇವೆ. ಆ ನಂಬಿಕೆಗೆ ಕಿಟ್ಟೆಲರ ಪಾಂಡಿತ್ಯ ಎಷ್ಟು ಕಾರಣವೋ, ಮೊಳೆ ಜೋಡಿಸಿದ ಮತ್ತು ಕರಡು ತಿದ್ದಿದ ಕೈಗಳೂ ಅಷ್ಟೇ ಕಾರಣ. ಕಿಟ್ಟೆಲರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಕೈಗಳ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು?

ನಲವತ್ತೊಂಬತ್ತು ದಿನದ ಗಡಿಯಾರ

ಈಗ ಆ ಮಗಳಿಗೆ ಒದಗಿದ ಸಂಕಟದ ಕಥೆಗೆ ಬರೋಣ. ಪಂಪಿನ ನಿಯಂತ್ರಕವನ್ನು ಗ್ರಾಹಕರಿಗೆ ಒಪ್ಪಿಸಲು ಎರಡೇ ವಾರ ಉಳಿದಿತ್ತು. ಆಕೆಯ ಪರೀಕ್ಷೆಗಳಲ್ಲಿ ಒಂದು ಮಾತ್ರ ವಿಚಿತ್ರವಾಗಿ ವರ್ತಿಸತೊಡಗಿತು. ಇಪ್ಪತ್ತು ಸಲ ಓಡಿಸಿದರೆ ಹತ್ತೊಂಬತ್ತು ಸಲ ಪಾಸು, ಒಂದು ಸಲ ಫೇಲು. ಇಂತಹ ಪರೀಕ್ಷೆ ಕಂಡರೆ ಎಂಜಿನಿಯರುಗಳಿಗೆ ಬೇಸರ. ಪರೀಕ್ಷೆಯೇ ಸರಿಯಿಲ್ಲ, ಪಟ್ಟಿಯಿಂದ ತೆಗೆದುಬಿಡು ಎಂದು ಮೇಲಿನವರು ಹೇಳಿದರು. ತೆಗೆಯುವುದು ಬಹು ಸುಲಭ. ಒಂದು ಪದ ಬರೆದರೆ ಸಾಕು, ಮರುಕ್ಷಣವೇ ಎಲ್ಲವೂ ಹಸಿರು. ಆಕೆ ತೆಗೆಯಲಿಲ್ಲ. ಇಪ್ಪತ್ತರಲ್ಲಿ ಒಮ್ಮೆ ಏಕೆ ತಪ್ಪುತ್ತದೆ ಎಂಬುದು ತಿಳಿಯುವವರೆಗೆ ಸಮಯ ಕೊಡಿ ಎಂದು ಬೇಡಿಕೊಂಡಳು.

ಆ ಪರೀಕ್ಷೆ ಕಾಲಗಣನೆಗೆ ಸಂಬಂಧಿಸಿದ್ದು. ಚಿಪ್ಪು ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗಗಳಲ್ಲಿ ಎಣಿಸುತ್ತದೆ. ಮೂವತ್ತೆರಡು ಅಂಕಸ್ಥಾನಗಳ ಎಣಿಕೆಯ ಪಾತ್ರೆ 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಆದ್ದರಿಂದ ದೊಡ್ಡ ಎಣಿಕೆಗಾಗಿ ಎರಡು ಪಾತ್ರೆಗಳನ್ನು ಜೋಡಿಸುತ್ತಾರೆ. ಕೆಳಗಿನದು ತುಂಬಿದಾಗ ಮೇಲಿನದಕ್ಕೆ ಒಂದು ಕೂಡುತ್ತದೆ. ಸಂಸ್ಥೆಯವರು ತಾವೇ ಬರೆದು ಸೇರಿಸಿದ್ದ ಭಾಗದಲ್ಲಿ ಚಿಪ್ಪು ಮೊದಲು ಮೇಲಿನ ಪಾತ್ರೆಯನ್ನು, ಅನಂತರ ಕೆಳಗಿನದನ್ನು ಓದುತ್ತಿತ್ತು. ಈ ಎರಡು ಓದುಗಳ ನಡುವಿನ ಕಣ್ಣುಮಿಟುಕಿಗಿಂತ ಕಿರಿದಾದ ಅವಧಿಯಲ್ಲಿಯೇ ಕೆಳಗಿನ ಪಾತ್ರೆ ತುಂಬಿ ಸೊನ್ನೆಯಾದರೆ, ಕಾಲವು ಒಮ್ಮೆಗೇ ನಲವತ್ತೊಂಬತ್ತು ದಿನ ಹಿಂದಕ್ಕೆ ಸರಿದಂತೆ ಯಂತ್ರಕ್ಕೆ ತೋರುತ್ತದೆ. ನಿಲ್ಲಿಸುವ ಹೊತ್ತು ಇನ್ನೂ ಬಂದಿಲ್ಲವೆಂದು ಪಂಪು ಓಡುತ್ತಲೇ ಇರುತ್ತದೆ. ಬಾವಿಯಲ್ಲಿ ನೀರು ತೀರಿದರೂ ಓಡಿ ಮೋಟಾರು ಸುಡುತ್ತದೆ.

ಸಂಸ್ಥೆಯ ಮೇಜಿನ ಮೇಲೆ ಒಂದು ತಿಂಗಳು ಓಡಿಸಿ ನೋಡಿದರೂ ಈ ದೋಷ ಕಾಣುತ್ತಿರಲಿಲ್ಲ. ಅದು ಕಾಣುತ್ತಿದ್ದುದು ಏಳು ವಾರಗಳ ನಂತರ, ಯಾವುದೋ ಹೊಲದಲ್ಲಿ, ಯಾವನೋ ರೈತನಿಗೆ. ಹಾಗಾದರೆ ಪರೀಕ್ಷೆ ಅದನ್ನು ಹೇಗೆ ಹಿಡಿಯಿತು? ಆಕೆ ಪರೀಕ್ಷೆಯನ್ನು ಆರಂಭಿಸುವಾಗಲೇ ಗಡಿಯಾರವನ್ನು ತುಂಬುವ ಅಂಚಿಗೆ ತಂದಿಟ್ಟಿದ್ದಳು. ಈ ಉಪಾಯ ಲಿನಕ್ಸಿನ ಹಿರಿಯರಿಂದ ಬಂದದ್ದು. ಲಿನಕ್ಸಿನ ಎಣಿಕೆ ಸೊನ್ನೆಯಿಂದ ಆರಂಭವಾಗುವುದೇ ಇಲ್ಲ. ಯಂತ್ರ ಎದ್ದ ಐದು ನಿಮಿಷಕ್ಕೆ ಮೂವತ್ತೆರಡು ಸ್ಥಾನಗಳ ಪಾತ್ರೆ ತುಂಬುವಂತೆ ಬೇಕೆಂದೇ ಇಟ್ಟಿದ್ದಾರೆ. ವಾರಗಳ ನಂತರ ಬರಬೇಕಾದ ತಪ್ಪು ಐದು ನಿಮಿಷದಲ್ಲಿಯೇ ಬರಲಿ, ಬರೆದವರ ಕಣ್ಣೆದುರಿಗೇ ಬರಲಿ ಎಂಬುದು ಅದರ ಉದ್ದೇಶ. ಇದು ಎಷ್ಟು ಅಗತ್ಯವೆಂಬುದಕ್ಕೆ ಒಂದೇ ನಿದರ್ಶನ ಸಾಕು. ಬೋಯಿಂಗ್ 787 ವಿಮಾನವನ್ನು 248 ದಿನ ನಿರಂತರವಾಗಿ ವಿದ್ಯುತ್ ಚಾಲಿತ ಸ್ಥಿತಿಯಲ್ಲಿಟ್ಟರೆ ಅದರ ಜನರೇಟರುಗಳ ನಿಯಂತ್ರಕಗಳು ಎಣಿಕೆ ತುಂಬಿ ಒಟ್ಟಿಗೇ ಕೈಕೊಡಬಹುದೆಂದು ತಿಳಿದು, 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಎಚ್ಚರಿಕೆಯ ಆದೇಶ ಹೊರಡಿಸಬೇಕಾಯಿತು.

ಈ ತಪ್ಪು ಯಾವಾಗ ಒಳಗೆ ಬಂದಿತೆಂದು ಹುಡುಕಲು ಆಕೆಗೆ ನೆರವಾದದ್ದು ಕಟ್ಟುವ ಉಪಕರಣಗಳು. ಮೂಲಪಾಠಕ್ಕೆ ಸಾವಿರದಷ್ಟು ಬದಲಾವಣೆಗಳಾಗಿದ್ದವು. ನಟ್ಟನಡುವಿನ ಪಾಠವನ್ನು ಕಟ್ಟಿ ಪರೀಕ್ಷಿಸುವುದು. ಅಲ್ಲಿ ತಪ್ಪಿದ್ದರೆ ಹಿಂದಿನ ಅರ್ಧ, ಇಲ್ಲದಿದ್ದರೆ ಮುಂದಿನ ಅರ್ಧ. ಹೀಗೆ ಅರ್ಧಿಸುತ್ತ ಹೋದರೆ ಸಾವಿರದಲ್ಲಿ ಒಂದನ್ನು ಹತ್ತೇ ಹೆಜ್ಜೆಗಳಲ್ಲಿ ಹಿಡಿಯಬಹುದು. ಆದರೆ ಒಂದು ವರ್ಷದ ಹಿಂದಿನ ಪಾಠವನ್ನು ಅಂದಿನಂತೆಯೇ ಇಂದು ಕಟ್ಟಲು ಬರಬೇಕು. ಅಂದಿನ ಕಂಪೈಲರ್, ಅಂದಿನ ಜೋಡಣೆಯ ಕ್ರಮ, ಎಲ್ಲವೂ ಸುರಕ್ಷಿತವಾಗಿರಬೇಕು. ಯಾರೂ ಕೇಳದಿದ್ದಾಗಲೂ ಆಕೆ ಅವನ್ನು ಜೋಪಾನವಾಗಿ ಇಟ್ಟಿದ್ದಳು. ತಪ್ಪು ಸಿಕ್ಕಿತು. ತಿದ್ದುಪಡಿ ಮೂರೇ ಸಾಲು. ಯಂತ್ರವನ್ನು ಒಪ್ಪಿಸಿದ್ದು ಎರಡು ದಿನ ತಡವಾಗಿ. ವರ್ಷಾಂತ್ಯದ ವರದಿಯಲ್ಲಿ ಆಕೆಯ ಹೆಸರಿನ ಮುಂದೆ ದಾಖಲಾದದ್ದು ಆ ಎರಡು ದಿನಗಳ ವಿಳಂಬ ಮಾತ್ರ.

ಉಪಕರಣವೇ ಕೆಟ್ಟರೆ

ನಾವು ಒಂದು ಸಂದೇಹವನ್ನು ಮುಂದಿಟ್ಟೆವು. ಪರೀಕ್ಷಿಸುವ ಉಪಕರಣವನ್ನು ಪರೀಕ್ಷಿಸುವವರಾರು? ತಕ್ಕಡಿಯೇ ತಪ್ಪಾದರೆ ತೂಕದ ಗತಿಯೇನು? ಇದು ಹೊಸ ಪ್ರಶ್ನೆಯಲ್ಲ. ಯುನಿಕ್ಸ್ ಎಂಬ ಪ್ರಸಿದ್ಧ ವ್ಯವಸ್ಥೆಯ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಪುರಸ್ಕಾರ ಭಾಷಣದಲ್ಲಿ ಇದನ್ನೇ ವಿವರಿಸಿದ್ದರು. ಕಂಪೈಲರಿನಲ್ಲಿಯೇ ಮೋಸ ಅಡಗಿದ್ದರೆ ಮೂಲಪಾಠವನ್ನು ಎಷ್ಟು ಸಲ ಓದಿದರೂ ಅದು ಕಾಣದು ಎಂಬುದು ಅವರ ಪ್ರತಿಪಾದನೆ.

ನಲವತ್ತು ವರ್ಷಗಳ ನಂತರ, 2024ರ ಮಾರ್ಚಿನಲ್ಲಿ, ಜಗತ್ತು ಇದಕ್ಕೆ ಹತ್ತಿರವಾದ ಅಪಾಯವನ್ನು ಕಂಡಿತು. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಸಣ್ಣ ತಂತ್ರಾಂಶವೊಂದಿದೆ. ಅದನ್ನು ವರ್ಷಗಟ್ಟಲೆ ಒಬ್ಬ ವ್ಯಕ್ತಿ ವೇತನವಿಲ್ಲದೆ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದ ಸಮಯದಲ್ಲಿ ಸಹಾಯಕನ ವೇಷದಲ್ಲಿ ಬಂದವನೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ಪ್ರಾಮಾಣಿಕನಂತೆ ದುಡಿದು ನಂಬಿಕೆ ಗಳಿಸಿದ. ಅನಂತರ ಲೋಕದ ಅಸಂಖ್ಯ ಕಂಪ್ಯೂಟರುಗಳಿಗೆ ಕಳ್ಳದಾರಿ ತೆರೆಯುವ ತಂತ್ರವನ್ನು ಒಳಗೆ ತೂರಿಸಿದ. ಎಲ್ಲಿ ಅಡಗಿಸಿದನೆಂದರೆ, ಪರೀಕ್ಷೆಗಾಗಿ ಇಟ್ಟಿದ್ದ ಕಡತಗಳಲ್ಲಿ; ಅದನ್ನು ಹೊರತೆಗೆದು ಜೋಡಿಸುವ ಕುಯುಕ್ತಿಯನ್ನು ಇಟ್ಟದ್ದು ಕಟ್ಟುವ ಉಪಕರಣದಲ್ಲಿ. ಯಾರೂ ತಿರುಗಿ ನೋಡದ ಎರಡೇ ಮೂಲೆಗಳನ್ನು ಕಳ್ಳ ಸರಿಯಾಗಿ ಆರಿಸಿಕೊಂಡಿದ್ದ! ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರು, ತಮ್ಮ ಕಂಪ್ಯೂಟರಿಗೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿ ಹೋಗಿ ಈ ಮೋಸವನ್ನು ಬಯಲಿಗೆಳೆದರು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಅಲಕ್ಷಿಸದ ಒಬ್ಬ ಮನುಷ್ಯನ ಎಚ್ಚರ ಎಷ್ಟು ದೊಡ್ಡ ಅನಾಹುತವನ್ನು ತಪ್ಪಿಸಿತೆಂಬುದನ್ನು ಓದುಗರೇ ಯೋಚಿಸಬೇಕು.

ಚಳ್ಳಕೆರೆಯ ಕುಳಿಗಳು

ಪರೀಕ್ಷೆಯ ಮಹತ್ವವನ್ನು ನಮ್ಮ ನಾಡಿನ ನೆಲವೂ ಬಲ್ಲದು. 1996ರ ಜೂನ್ 4ರಂದು ಯುರೋಪಿನ ಏರಿಯೇನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿಯೇ ಸುಮಾರು ನಲವತ್ತು ಸೆಕೆಂಡುಗಳಲ್ಲಿ ನಾಶವಾಯಿತು. ಹಿಂದಿನ ಏರಿಯೇನ್ 4ರಲ್ಲಿ ನಿರ್ದೋಷವಾಗಿ ನಡೆದ ತಂತ್ರಾಂಶವನ್ನೇ ಅದರಲ್ಲಿ ಇಟ್ಟಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು, ಅಂಕಿಯೊಂದು ತನಗೆ ಗೊತ್ತುಮಾಡಿದ ಪಾತ್ರೆಯಲ್ಲಿ ಹಿಡಿಸದೆ ಹೋಯಿತು. ಹೊಸ ಪಥದ ಅಂಕಿಗಳನ್ನು ಕೊಟ್ಟು ಆ ತಂತ್ರಾಂಶವನ್ನು ಪರೀಕ್ಷಿಸಿರಲಿಲ್ಲ.

ನಮ್ಮ ಇಸ್ರೋ ಸಂಸ್ಥೆಯವರು ಚಂದ್ರನ ಮೇಲೆ ಇಳಿಯುವ ನೌಕೆಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನೇ ಹೋಲುವ ಕುಳಿಗಳನ್ನು ತೋಡಿಸಿದರು. ಅವುಗಳ ಮೇಲೆ ವಿಮಾನದಲ್ಲಿ ಉಪಕರಣಗಳನ್ನು ಹಾರಿಸಿ ಪರೀಕ್ಷಿಸಿದರು. ಆದರೂ 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಇಳಿಯುವ ಹಂತದಲ್ಲಿ ಅಪ್ಪಳಿಸಿತು. ವಿಜ್ಞಾನಿಗಳು ಎದೆಗುಂದಲಿಲ್ಲ, ಏನೆಲ್ಲ ಕೆಡಬಹುದೆಂಬ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವುದು ಹೇಗೆಂದು ವಿನ್ಯಾಸವನ್ನು ಬದಲಿಸಿದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಸುಖವಾಗಿ ಇಳಿಯಿತು. ಇಳಿದ ಸಂಜೆಯನ್ನು ದೇಶವೆಲ್ಲ ನೋಡಿತು. ಅದರ ಹಿಂದಿದ್ದ ಪರೀಕ್ಷೆಗಳ ವರ್ಷಗಳನ್ನು ನೋಡಿದವರು ಕೆಲವರೇ.

ಮನೆಯವರಿಗೊಂದು ಮಾತು

ಮೂರನೆಯ ದಿನ ಮಳೆ ತುಸು ಹೊಳವಾಯಿತು. ಪಂಪಿನ ಕಥೆಯನ್ನು ಮಗಳ ಬಾಯಿಂದ ಯಜಮಾನರೂ ಅದೇ ಮೊದಲ ಬಾರಿಗೆ ಪೂರ್ಣವಾಗಿ ಕೇಳಿದ್ದರು. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. “ಗುರುಗಳೇ, ಬ್ಯಾಂಕಿನಲ್ಲಿ ನಮಗೆ ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಒಂದು ರೂಪಾಯಿ ಹೆಚ್ಚು ಬಂದರೂ ಹುಡುಕಬೇಕು, ಕಡಿಮೆ ಬಂದರೂ ಹುಡುಕಬೇಕು. ಕೈಯಿಂದ ಒಂದು ರೂಪಾಯಿ ಹಾಕಿ ಎದ್ದುಬಿಡೋಣ ಎಂದು ಜೊತೆಯವರು ಹೇಳುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ರಾತ್ರಿ ಹತ್ತಾದರೂ ಹುಡುಕುತ್ತಿದ್ದೆ. ಮನೆಯಲ್ಲಿ ಇವಳ ತಾಯಿ ಬೈಯುತ್ತಿದ್ದಳು. ನನ್ನ ಮಗಳು ನನ್ನದೇ ಕೆಲಸ ಮಾಡುತ್ತಿದ್ದಾಳೆ, ನನಗೇ ತಿಳಿಯಲಿಲ್ಲ.” ಮಗಳು ಏನೂ ಹೇಳದೆ ಎದ್ದು ಒಳಗೆ ಹೋಗಿ ತಂದೆಗೆ ಚಹಾ ತಂದುಕೊಟ್ಟಳು. ಮ್ಯಾನೇಜರ್ ಹುದ್ದೆಯ ಮಾತು ಮತ್ತೆ ಬರಲಿಲ್ಲ. ನಾವೂ ಎತ್ತಲಿಲ್ಲ.

ನಮ್ಮ ಕುಟುಂಬಗಳ ಅನೇಕ ಮಕ್ಕಳು ಇಂದು ತಂತ್ರಾಂಶ ಕ್ಷೇತ್ರದಲ್ಲಿದ್ದಾರೆ. ಅವರ ಯೋಗ್ಯತೆಯನ್ನು ಸಂಬಳದಿಂದಲೋ ಹುದ್ದೆಯ ಹೆಸರಿನಿಂದಲೋ ತೋರಿಸಬಹುದಾದ ವಸ್ತುವಿನಿಂದಲೋ ಅಳೆಯುವುದು ನಮಗೆ ರೂಢಿಯಾಗಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು, ಮನೆಯಲ್ಲಿ ಮಗಳ ಕೆಲಸವನ್ನು ಕೇಳಿ ತಿಳಿಯುವಷ್ಟು ತಾಳ್ಮೆಯನ್ನಾದರೂ ತೋರಬೇಡವೇ? “ಇಂದು ಏನು ಮಾಡಿದೆ?” ಎಂದು ಕೇಳುವುದರ ಜೊತೆಗೆ “ಇಂದು ಯಾವ ತಪ್ಪನ್ನು ಹಿಡಿದೆ?” ಎಂದೂ ಕೇಳೋಣ.

ನಮ್ಮ ಸಮಾಜದ ಹಿರಿಯರು ಕಟ್ಟಿದ ತಾಂತ್ರಿಕ ವಿದ್ಯಾಲಯಗಳಿಗೂ ಒಂದು ವಿನಂತಿಯಿದೆ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಿಂದ ಹಿಡಿದು, 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದವರೆಗೆ ಇಂತಹ ಸಂಸ್ಥೆಗಳು ಸಾವಿರಾರು ಬಡ ಮನೆಗಳಿಗೆ ಬೆಳಕಾಗಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಹೊಸತೊಂದನ್ನು ಮಾಡಿ ತೋರಿಸಿ ಎಂದು ಹೇಳುವಂತೆಯೇ, ಜೆಫಿರಿನಂತಹ ಸರ್ವರ ಸ್ವತ್ತಾದ ವ್ಯವಸ್ಥೆಗೆ ಒಂದು ಒಳ್ಳೆಯ ಪರೀಕ್ಷೆಯನ್ನು ಬರೆದುಕೊಡಿ, ಒಂದು ಹಳೆಯ ಉಪಕರಣವನ್ನು ದುರಸ್ತಿ ಮಾಡಿ ಎಂದೂ ಹೇಳಬಹುದು. ಅದಕ್ಕೆ ಹಣ ಬೇಕಿಲ್ಲ, ದೊಡ್ಡ ಪ್ರಯೋಗಶಾಲೆ ಬೇಕಿಲ್ಲ; ಕೃತಕ ಚಿಪ್ಪು ಕಂಪ್ಯೂಟರಿನೊಳಗೇ ಸಿಗುತ್ತದೆ. ಲೋಕದಿಂದ ಪಡೆದದ್ದಕ್ಕೆ ಪ್ರತಿಯಾಗಿ ಸಲ್ಲಿಸುವ ದಾಸೋಹವೂ ಅದಾಗುತ್ತದೆ.

ಹೊರಡುವಾಗ ಆ ಮಗಳು ಬಾಗಿ ನಮಸ್ಕರಿಸಿದಳು. “ಆ ಪರೀಕ್ಷೆ ಈಗಲೂ ಇದೆಯೇ ತಾಯಿ?” ಎಂದು ಕೇಳಿದೆವು. “ಇದೆ ಗುರುಗಳೇ. ಪ್ರತಿ ರಾತ್ರಿ ಓಡುತ್ತದೆ. ಈಗ ಪ್ರತಿ ಸಲವೂ ಪಾಸಾಗುತ್ತದೆ” ಎಂದಳು. ನಾವು ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಮುದ್ರಣಕ್ಕೆ ಸಿದ್ಧವಾಗಿದ್ದ ನಮ್ಮ ಹೊಸ ಗ್ರಂಥದ ಕರಡನ್ನು ಮೊದಲ ಪುಟದಿಂದ ಮತ್ತೊಮ್ಮೆ ಓದಲು ಕುಳಿತದ್ದು. ಎರಡು ತಪ್ಪುಗಳು ಸಿಕ್ಕವು.